ಹೊನ್ನಿ ಹೇಳದ ಮಾತು

"ಅಮ್ಮಾ, ಹೊನ್ನಜ್ಜಿಗೆ ಎರಡು ಬಾಯಿ ಅದೆಯಾ?"

ಮಗಳು ಉಮಾ ಹೀಗೆ ಕೇಳಿದಾಗ ಹೊನ್ನಿ ನಮ್ಮ ಮೆಟ್ಟಿಲ ಮೇಲೆ ಕೂತು ಹರಿವೆ ಸೊಪ್ಪಿನ ಕಟ್ಟು ಆರಿಸುತ್ತಿದ್ದಳು. ಅವಳ ಬಾಯಲ್ಲಿ ಎಲೆಯಡಿಕೆಯ ಕವಳ ತುಂಬಿತ್ತು, ತುಟಿ ಮುಚ್ಚಿತ್ತು. ಮೇಲಿನ ಮನೆಯ ಕಿಟಕಿಯಿಂದ ಯಾರದೋ ಮೊಬೈಲಿನಲ್ಲಿ ಅವಳದೇ ದನಿ ಜೋಗುಳ ಹಾಡುತ್ತಿತ್ತು. ಎರಡು ಸಾಲಾದ ಮೇಲೆ ಹಾಡು ನಿಂತು ಅದೇ ದನಿ ಮಾತಾಡಿತು. "ಮಕ್ಕಳಿಗೆ ಜ್ವರ ಬಂದ್ರೆ ಹೆದ್ರೂದು ಬ್ಯಾಡ. ಅಜ್ಜಿ ಹೇಳ್ತೆ, ಕೇಳಿ." ಆಮೇಲೆ ಒಂದು ಕಷಾಯದ ಬಾಟಲಿಯ ಹೆಸರು ಬಂತು.

ಉಮಾ ಕಿಟಕಿಯನ್ನೂ ಹೊನ್ನಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಹೊನ್ನಿ ಎದ್ದು ಹೋಗಿ ತೆಂಗಿನ ಬುಡದಲ್ಲಿ ಉಗುಳಿ ಬಂದಳು.

"ಅದ್ಯಾರು ತಂಗಿ?"

"ನಿನ್ನ ದನಿ ಅಲ್ವಾ ಹೊನ್ನಕ್ಕ?"

"ನಾ ಇಲ್ಲೇ ಕೂತ್ಕಂಡಿದ್ದೆನಲ್ಲ" ಅಂದಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆ ದಿನ ಅವಳೂ ನಾನೂ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮಗುವನ್ನು ಅಂಗನವಾಡಿಗೆ ಬಿಟ್ಟು ನಾನು ಕೆಲಸಕ್ಕೆ ಹೋಗಬೇಕಿತ್ತು.

ಹೊನ್ನಿಯ ಕೇರಿ ಇರುವುದು ಹಳದೀಪುರದಲ್ಲಿ, ಹೈವೇಯಿಂದ ಒಳಗೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಹರಿವೆ, ಬದನೆ, ಮೊಗೆಕಾಯಿ ಬೆಳೆದು, ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಹೊನ್ನಾವರಕ್ಕೆ ಬರುತ್ತಾಳೆ. ಆಧಾರ್ ಕಾರ್ಡಿನ ಲೆಕ್ಕದಲ್ಲಿ ವಯಸ್ಸು ಅರವತ್ತನಾಲ್ಕು. ಕೇಳಿದರೆ, ಹೊಳೆಗೆ ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು ಅನ್ನುತ್ತಾಳೆ. ಗಂಡ ಬೊಮ್ಮ ಹಾವು ಕಚ್ಚಿ ತೀರಿಕೊಂಡಾಗ ಸಣ್ಣ ಮಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಈಗ ಆ ಮಗ ಟೆಂಪೊ ಓಡಿಸುತ್ತಾನೆ. ಮಗಳನ್ನು ಭಟ್ಕಳದ ಹತ್ತಿರದ ಹೆಬಳೆಗೆ ಕೊಟ್ಟಿದೆ.

ನನಗೆ ಅವಳ ಹತ್ತಿರದ ಪರಿಚಯ ಆದದ್ದು ಬಾಣಂತನದಲ್ಲಿ. ಮಗು ಅಳು ನಿಲ್ಲಿಸದ ಒಂದು ಬೆಳಿಗ್ಗೆ ಬುಟ್ಟಿ ಇಳಿಸಿ, ಕೈಕಾಲು ತೊಳೆದು ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಾಡುವ ಮೊದಲು, "ಅತ್ತೆ ಸೋಮಿ ಹಾಡು, ನಂದಲ್ಲ" ಅಂದಳು. ಯಾರಿಗೆ ಹೇಳಿದಳೋ ಎಂದು ನಾನು ಸುತ್ತ ನೋಡಿದೆ. ಅವರ ಕೇರಿಯ ರೂಢಿ ಅದು. ಯಾವ ಹಾಡೇ ಆಗಲಿ, ಕಲಿಸಿದವರ ಹೆಸರು ಹೇಳಿ, ನನ್ನದಲ್ಲ ಎಂದು ಹೇಳಿಯೇ ಶುರು ಮಾಡಬೇಕು. ಮಗು ಮಲಗಿತು. ಆಮೇಲೆ ನಾಲ್ಕು ವರ್ಷ ವಾರಕ್ಕೆರಡು ಸಲವಾದರೂ ಆ ಮಾತು ಕೇಳಿದ್ದೇನೆ. ಅದು ಹಾಡಿನ ಮೊದಲ ಸಾಲೇ ಎಂಬಷ್ಟು ರೂಢಿಯಾಗಿತ್ತು.

ಮದುವೆಗಳಲ್ಲಿ ಹಾಡುವುದು ಬೇರೆ ಬಗೆ. ಹೆಂಗಸರು ಎರಡು ಸಾಲು ಎದುರು ಬದುರು ಕೂರುತ್ತಾರೆ. ಒಂದು ಸಾಲಿಗೆ ಹೊನ್ನಿ, ಇನ್ನೊಂದಕ್ಕೆ ಅವಳ ಬೇಲಿಯಾಚೆಯ ಗಂಗಾ. ಹೊನ್ನಿ ಒಂದು ಸಾಲು ಹೇಳಿದರೆ ಗಂಗಾ ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳಿದ ಮೇಲೇ ಹೊನ್ನಿಗೆ ಮುಂದಿನ ಸಾಲು ನೆನಪಾಗುವುದು. ಮೂವತ್ತು ವರ್ಷದಿಂದ ಹಾಗೇ ನಡೆದಿತ್ತು. "ಅವ್ಳು ಎದ್ರು ಇಲ್ದಿದ್ರೆ ನಂಗೆ ಅರ್ಧ ಹಾಡೂ ಬರೂದಿಲ್ಲ" ಎಂದು ಒಮ್ಮೆ ಹೇಳಿದ್ದಳು, ಬದನೆಕಾಯಿಯ ತೂಕ ಹೇಳುವಷ್ಟು ಸಾದಾ ದನಿಯಲ್ಲಿ.

ಮೂರು ವರ್ಷದ ಹಿಂದೆ ಕೇರಿಗೆ ನಾಲ್ಕು ಜನ ಬಂದಿದ್ದರು. ಹಳೆಯ ಹಾಡುಗಳನ್ನು ಉಳಿಸುವ ಕೆಲಸ ಎಂದರು. ಮರ್ಯಾದೆಯವರು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು. ಶಾಲೆಯ ಕೋಣೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿ ಹೊನ್ನಿಯಿಂದ ನಾಲ್ಕು ದಿನ ಹಾಡಿಸಿದರು. ಪ್ರತಿ ಹಾಡಿಗೂ ಅವಳು ಅತ್ತೆಯ ಹೆಸರು ಹೇಳುವಳು. ಅವರು, "ಅಮ್ಮ, ಅದೊಂದು ಬಿಟ್ಟು ಹಾಡಿ" ಎನ್ನುವರು. ಇವಳು ಬಿಡಲಿಲ್ಲ. ಕೊನೆಗೆ, ಪರವಾಗಿಲ್ಲ, ಆಮೇಲೆ ನಾವೇ ತೆಗೆಯುತ್ತೇವೆ ಎಂದರು.

ಮೂರನೆಯ ದಿನ ಹಾಡು ಬಿಟ್ಟು ಮಾತು ಹೇಳಿಸಿದರು. ಒಂದರಿಂದ ನೂರರ ತನಕ ಎಣಿಸು, ವಾರಗಳ ಹೆಸರು ಹೇಳು, ಬಸ್ಸು ಬಂತು ಅನ್ನು, ಮಳೆ ನಿಂತಿತು ಅನ್ನು. ಸಿಟ್ಟು ಬಂದವರ ಹಾಗೆ ಅನ್ನು, ಮಗುವಿಗೆ ಹೇಳಿದ ಹಾಗೆ ಅನ್ನು. ಬಾಗಿಲಲ್ಲಿ ನಿಂತ ಗಂಗಾ, "ಎಂತದೇ ಹೊನ್ನಿ, ಈ ಪ್ರಾಯಕ್ಕೆ ನಿನ್ನ ಒಂದನೇ ಕ್ಲಾಸಿಗೆ ಹಾಕಿರಾ?" ಎಂದು ನಗಾಡಿದ್ದಳಂತೆ. ಕೊನೆಯ ದಿನ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಶಾಲು ಹೊದೆಸಿ, ಎಲ್ಲರ ಜೊತೆ ಫೋಟೊ ತೆಗೆಸಿಕೊಂಡು ಹೋದರು.

ಆ ನಾಲ್ಕು ದಿನದ ದನಿಯಿಂದ ಏನಾಯಿತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅದೆಲ್ಲ ಯಾವುದೋ ಕಂಪನಿಯ ಕೈಗೆ ಹೋಗಿ, ಅವರ ಒಂದು ಆ್ಯಪಿಗೆ ಸೇರಿತ್ತು. ಅದರಲ್ಲಿ ದನಿಗಳ ಪಟ್ಟಿ ಇದೆ. 'ಕರಾವಳಿ ಅಜ್ಜಿ' ಎಂಬುದನ್ನು ಒತ್ತಿ, ಬೇಕಾದ ಮಾತು ಬರೆದುಕೊಟ್ಟರೆ ಹೊನ್ನಿಯ ದನಿ ಅದನ್ನು ಹೇಳುತ್ತದೆ. ಕಷಾಯದವರು ಹಾಗೇ ಹೇಳಿಸಿದ್ದರು.

ನಮ್ಮ ಮೆಟ್ಟಿಲ ಮೇಲೆ ಆ ದನಿ ಕೇಳಿದ ಎರಡು ವಾರದ ನಂತರ ಹೊನ್ನಿ ಮಗಳ ಮನೆಗೆಂದು ಹೆಬಳೆಗೆ ಹೋದಳು. ಅದೇ ವಾರ ಗಂಗಾಳ ಮೊಮ್ಮಗಳು, ಎರಡು ವರ್ಷದ ರಂಜಿತಾಗೆ ಜ್ವರ ಬಂತು. ಸೊಸೆ ಆಸ್ಪತ್ರೆಗೆ ಹೋಗುವ ಎಂದಳು. ಗಂಗಾ, "ಹೊನ್ನಿಯೇ ಹೇಳ್ತಾಳಲ್ಲ ಫೋನಲ್ಲಿ, ಎಂತ ಹೆದ್ರಿಕೆ?" ಎಂದು ಆ ಬಾಟಲಿ ತರಿಸಿದಳು. ಮೂರು ದಿನ ಕುಡಿಸಿದರು. ನಾಲ್ಕನೆಯ ದಿನ ಮಗುವಿಗೆ ಫಿಟ್ಸ್ ಬಂತು. ಆಂಬುಲೆನ್ಸಿನಲ್ಲಿ ಕುಮಟಾಕ್ಕೆ ಒಯ್ದರು. ಜ್ವರ ಮಿದುಳಿಗೆ ಏರಿದೆ, ಮೊದಲೇ ತರಬೇಕಿತ್ತು ಎಂದರು ಅಲ್ಲಿಯ ಡಾಕ್ಟರು. ಹನ್ನೊಂದು ದಿನ ಇಟ್ಟುಕೊಂಡು ಕಳಿಸಿದರು. ಮಗು ಬದುಕಿತು. ದಿನಕ್ಕೆರಡು ಮಾತ್ರೆ ಇದೆ. ಎಡಗೈಗೆ ಏನು ಕೊಟ್ಟರೂ ಹಿಡಿಯುವುದಿಲ್ಲ.

ಹೊನ್ನಿ ಎಳನೀರು ತೆಗೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಗಂಗಾ ಎಳನೀರನ್ನು ಮುಟ್ಟಲಿಲ್ಲ. "ನೀ ಹೇಳಿದ್ದೆ ಅಂತ ಕುಡ್ಸಿದೆ" ಎಂದಳಂತೆ. ಅಷ್ಟೇ. ಬೈಯಲೂ ಇಲ್ಲ.

ಇದನ್ನೆಲ್ಲ ಹೊನ್ನಿ ನನಗೆ ಹೇಳಿದ್ದು ಮೆಟ್ಟಿಲ ಮೇಲೆ ಕೂತೇ. ಕಣ್ಣಲ್ಲಿ ನೀರಿರಲಿಲ್ಲ. ಸೊಪ್ಪಿನ ಕಟ್ಟು ಬಿಚ್ಚುವುದು, ಅದನ್ನೇ ಮತ್ತೆ ಕಟ್ಟುವುದು ಮಾಡುತ್ತಿದ್ದಳು. ನಾನು ಹೊನ್ನಾವರದಲ್ಲಿ ನಾಗಭೂಷಣ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತೇನೆ. ಬುಟ್ಟಿಯನ್ನು ನಮ್ಮ ಒಳಗಿಟ್ಟು, ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ವಕೀಲರು ಪೂರ್ತಿ ಕೇಳಿದರು. ಹೊನ್ನಿಗೆ ಚಾ ತರಿಸಿದರು.

"ನೋಡು ಶರ್ಮಿಳಾ, ಹಾಡು ಬರೆದವರ ಹಕ್ಕಿಗೆ ಕಾನೂನು ಅದೆ. ಹಾಡಿದವರಿಗೂ ಅದೆ. ಗಂಟಲಿಗೆ ಅಂತ ಬೇರೆ ಕಾನೂನು ಹುಡುಕಿದ್ರೆ ಸಿಕ್ಕೂದು ಕಷ್ಟ. ಸಿನಿಮಾದವರು ಹೈಕೋರ್ಟಿಗೆ ಹೋಗಿ, ನಮ್ಮ ದನಿ ಬಳಸ್ಬಾರ್ದು ಅಂತ ಆದೇಶ ತಂದದ್ದು ಅದೆ. ಅವರ ದನಿ ದೇಶಕ್ಕೇ ಗೊತ್ತು. ಇವಳ ದನಿ ಗೊತ್ತಿರೂದು ಹಳದೀಪುರಕ್ಕೆ."

"ಹಳದೀಪುರದವ್ರಿಗೆ ಗೊತ್ತಿದ್ದದ್ದಕ್ಕೇ ಇಷ್ಟೆಲ್ಲ ಆದ್ದು" ಅಂದಳು ಹೊನ್ನಿ.

ವಕೀಲರು ನನ್ನ ಕಡೆ ತಿರುಗಿ, "ಅದನ್ನೇ ಬರಿ" ಎಂದರು. ಕಂಪನಿಗೆ ನೋಟಿಸು ಕಳಿಸಿದೆವು. ಠಾಣೆಯಲ್ಲೂ ದೂರು ಕೊಟ್ಟೆವು. ಅಲ್ಲಿ ಬರೆದುಕೊಳ್ಳುವವರು ಒಳ್ಳೆಯ ಮಾತಿನಲ್ಲೇ, "ಅಜ್ಜಿ, ನಿಮ್ಮದು ಎಂತ ಕಳವಾದ್ದು ಅಂತ ಬರೀಲಿ?" ಎಂದು ಕೇಳಿದರು. ಹೊನ್ನಿ ಗಂಟಲು ಮುಟ್ಟಿ ನೋಡಿಕೊಂಡು, "ಕಳವು ಎಂತದೂ ಆಗ್ಲಿಲ್ಲ, ಇಲ್ಲೇ ಅದೆ" ಎಂದಳು. ಅವರು ಆ ಜಾಗ ಖಾಲಿ ಬಿಟ್ಟು ಸ್ವೀಕೃತಿ ಚೀಟಿ ಕೊಟ್ಟರು.

ಬಾಟಲಿ ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಲೇಬಲಿನ ಮೇಲೆ ಭಟ್ಕಳದ ಪಕ್ಕದ ಜಾಲಿ ಎಂಬ ಊರಿನ ಒಂದು ಅಂಗಡಿಯ ಮೊಹರಿತ್ತು. ಶನಿವಾರ ಉಮಾಳನ್ನೂ ಕರೆದುಕೊಂಡು ಮೂವರೂ ಭಟ್ಕಳದ ಬಸ್ಸು ಹತ್ತಿದೆವು. ಅಂಗಡಿಯವರು ವಯಸ್ಸಾದ ನವಾಯತ ಮುಸ್ಲಿಮರು. ವಿಷಯ ಕೇಳಿದವರೇ ಕಪಾಟಿನಲ್ಲಿದ್ದ ಬಾಟಲಿಗಳನ್ನೆಲ್ಲ ಕೆಳಗಿಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದರು. "ನಾನೂ ಅಜ್ಜಿ ಮಾತು ಕೇಳಿಯೇ ತರಿಸಿದ್ದು" ಎಂದು ಮೊಬೈಲು ತೆಗೆದು ತೋರಿಸಿದರು. ಅದರಲ್ಲಿ ಹೊನ್ನಿಯ ದನಿ ಉರ್ದು ಮಾತಾಡಿತು.

ಹೊನ್ನಿ ಕಿವಿಯನ್ನು ಮೊಬೈಲಿನ ಹತ್ತಿರ ತಂದಳು. "ಇದೂ ನಾನೇಯಾ?"

ನಾನು ಹೌದೆಂದು ತಲೆಯಾಡಿಸಿದೆ.

"ಎಂತ ಹೇಳ್ತೆ ನಾನು ಇದ್ರಲ್ಲಿ?"

"ಅದೇ ಅಜ್ಜಿ. ಮಕ್ಕಳಿಗೆ ಜ್ವರ ಬಂದರೆ ಹೆದರಬೇಡಿ ಅಂತ" ಎಂದರು ಅಂಗಡಿಯವರು. "ನನ್ನ ಬೀಬಿಗಿಂತ ಒಳ್ಳೆ ಉರ್ದು ಮಾತಾಡ್ತೀರಿ."

"ಅವ್ರ ಹತ್ರ ಹೇಳ್ಬೇಡಿ ಮತ್ತೆ" ಅಂದಳು ಹೊನ್ನಿ.

ಅವರು ನಕ್ಕರು, ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಉಮಾ ಅವಳ ತೊಡೆಯ ಮೇಲೆ ಮಲಗಿದ್ದಳು. ಮಗು ಒಂದು ಸಲ ಎದ್ದು, ಹಾಡು ಎಂದು ಹಟ ಮಾಡಿತು. ಹೊನ್ನಿ ಬೆನ್ನು ತಟ್ಟಿದಳು, ಹಾಡಲಿಲ್ಲ.

ಮುಂದಿನ ತಿಂಗಳು ಕಂಪನಿಯವರು ಉತ್ತರ ಕೊಡುವ ಮೊದಲು ವಿಡಿಯೊ ಕಾಲಿನಲ್ಲಿ ಒಮ್ಮೆ ಮಾತಾಡಬೇಕು ಎಂದರು. ವಕೀಲರ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಹೊನ್ನಿಯನ್ನು ಎದುರು ಕೂರಿಸಿದೆವು. ತೆರೆಯ ಮೇಲೆ ಕಂಪನಿಯ ಒಬ್ಬಳು ಹುಡುಗಿ, ನನ್ನಷ್ಟೇ ಪ್ರಾಯ.

"ಅಮ್ಮ, ಜಾಹೀರಾತಲ್ಲಿರೋ ಲಾಲಿ ಹಾಡು ನಿಮ್ದಾ?"

"ನಂದಲ್ಲ. ಅತ್ತೆ ಸೋಮಿದು."

"ಸರಿ. ಅದ್ರಲ್ಲಿರೋ ಧ್ವನಿ?"

ಹೊನ್ನಿ ಯೋಚಿಸಿದಳು. ಕೇಳಿದವರಿಗೆ ಸರಿಯಾದ ಉತ್ತರವನ್ನೇ ಕೊಡಬೇಕು ಎಂಬ ಹಾಗೆ ಸಾವಕಾಶವಾಗಿ ಹೇಳಿದಳು. "ಹಾಡೂವಾಗ ದನಿನೂ ನಂದಲ್ಲ. ಅವಳದೇ ಅದು. ನಾ ಬರೀ ಬಾಯಿ ತೆರೆಯೂದು."

ವಕೀಲರು ಮುಂದೆ ಬಾಗಿ, "ಮೇಡಂ, ಅದು ಅವರ ಕಡೆ ರೂಢಿಯ ಮಾತು, ದನಿ ಇವರದೇ" ಎಂದರು.

"ಸರ್, ಇದು ರೆಕಾರ್ಡ್ ಆಗ್ತಿದೆ. ಅವ್ರು ಹೇಳಿದ್ದು ನಮ್ಗೆ ಕ್ಲಿಯರ್ ಆಗಿ ಕೇಳಿಸ್ತು" ಎಂದಳು ಹುಡುಗಿ. ಹೊನ್ನಿಗೆ ಕೈ ಮುಗಿದು ಹೋದಳು.

ನನಗೆ ಆ ರೂಢಿ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಮೊದಲೇ ಅವಳಿಗೆ ತಿಳಿಸಿ ಹೇಳಬಹುದಿತ್ತು. ಆ ಬೆಳಿಗ್ಗೆ ನಾನು ಅವಳಿಗೆ ನೆನಪು ಮಾಡಿದ್ದು ಸೆರಗು ಸರಿಮಾಡಿಕೋ, ತೆರೆಯನ್ನು ನೋಡಿ ಮಾತಾಡು ಎಂಬುದನ್ನು ಮಾತ್ರ.

ಹೊರಗೆ ಬಂದಾಗ ಕೇಳಿದೆ. "ನಂದು ಅಂತ ಹೇಳಿದ್ರೆ ಎಂತ ಆಗ್ತಿತ್ತು ಹೊನ್ನಕ್ಕ?"

"ಹೆಂಗೆ ಹೇಳೂದು ತಂಗಿ? ಅತ್ತೆ ಬಾಯಿಂದ ಇಸ್ಕಂಡದ್ದು. ಅವ್ಳು ಸತ್ಲು ಅಂತ ನಂದಾತಾ?"

ಉತ್ತರ ಬಂತು, ಎರಡು ಪುಟ, ಇಂಗ್ಲಿಷಿನಲ್ಲಿ. ನಾನು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೊನ್ನಿಗೆ ಓದಿದೆ. ನಡೆದದ್ದಕ್ಕೆ ವಿಷಾದವಿದೆ, ಆ ಜಾಹೀರಾತನ್ನು ತೆಗೆಸಲಾಗಿದೆ. ಹಾಡಾಗಲಿ ದನಿಯಾಗಲಿ ತಮ್ಮದಲ್ಲವೆಂದು ದೂರುದಾರರೇ ಒಪ್ಪಿದ್ದಾರೆ. ಈಗಿನ ಮತ್ತು ಮುಂದೆ ಬರಬಹುದಾದ ಎಲ್ಲ ಬಗೆಯ ಬಳಕೆಗೂ ಅವರು ಹೆಬ್ಬೆಟ್ಟು ಒತ್ತಿದ ಕಾಗದ ನಮ್ಮಲ್ಲಿದೆ. ಜಾಹೀರಾತು ಮಾಡಿಸಿದ ಗ್ರಾಹಕರ ವಿವರವನ್ನು ಅವರ ಖಾಸಗಿತನದ ದೃಷ್ಟಿಯಿಂದ ಕೊಡಲಾಗದು. ಇದು ಯಂತ್ರ ತಯಾರಿಸಿದ ದನಿ ಎಂಬ ಗುರುತನ್ನು ವಿಡಿಯೊದ ಮೂಲೆಯಲ್ಲಿ ಹಾಕಲಾಗಿತ್ತು.

"ಮೂಲೆಯಲ್ಲಿ ಬರ್ದಿದ್ರಾ?" ಎಂದಳು ಹೊನ್ನಿ.

"ಹೌದು. ಸಣ್ಣ ಅಕ್ಷರದಲ್ಲಿ."

"ನಂಗೂ ಗಂಗೆಗೂ ಓದೂಕೆ ಬರೂದಿಲ್ಲ. ಕಿವಿ ಅದೆ. ಕಿವಿಗೆ ಹೇಳ್ಬೇಕಾಗಿತ್ತು."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಂತ್ರದ ದನಿಗೆ ಗುರುತು ಹಾಕಬೇಕು ಎಂಬ ತನಕ ನಿಯಮ ಬಂದಿದೆ, ಗುರುತು ಯಾರಿಗೆ ಕಾಣಬೇಕು ಎಂಬ ತನಕ ಬಂದಿಲ್ಲ ಎಂದರು. ಧಾರವಾಡದ ಹೈಕೋರ್ಟಿಗೆ ಹೋಗಬಹುದು, ತಾವು ಫೀಸು ತೆಗೆದುಕೊಳ್ಳುವುದಿಲ್ಲ, ವರ್ಷಗಟ್ಟಲೆ ಆಗಬಹುದು ಎಂದರು. ಆಮೇಲೆ ನನಗೆ, "ಒಂದು ಮಾತು ಕಟ್ಟುನಿಟ್ಟು. ಆ ಆ್ಯಪನ್ನು ನಮ್ಮಲ್ಲಿ ಯಾರೂ ತೆರೀಬಾರ್ದು. ಆ ದನಿಯಲ್ಲಿ ನಾವೇ ಒಂದು ಮಾತು ಹೇಳಿಸಿದ್ರೂ ಅವರ ಷರತ್ತು ಒಪ್ಪಿದ ಹಾಗೆ. ಕೇಸು ಅಲ್ಲಿಗೆ ಮುಗೀತು" ಎಂದರು. ಹೊನ್ನಿಗೂ ಅದನ್ನು ಎರಡು ಸಲ ಬಿಡಿಸಿ ಹೇಳಿದರು. ಅವಳು "ಆತು" ಎಂದಳು.

ಆದರೆ ಅವಳಿಗೆ ಬೇಕಾದ್ದು ಧಾರವಾಡದಲ್ಲಿ ಇರಲಿಲ್ಲ. ಮಾಘದಲ್ಲಿ ಕೇರಿಯ ಮಾದೇವನ ಮನೆಯಲ್ಲಿ ಮದುವೆ. ಹೊನ್ನಿಯ ಎದುರು ಕೂರುವುದಿಲ್ಲ ಎಂದು ಗಂಗಾ ಆಗಲೇ ಹೇಳಿ ಕಳಿಸಿದ್ದಳು. "ಕಂಪನಿಯವ್ರೇ ಯಂತ್ರ ಅಂತ ಬರ್ದಾರಲ್ಲ ತಂಗಿ. ಆ ಕಾಗದ ತಕಂಡು ಬಾ. ಗಂಗೆ ಎದ್ರು ಓದು" ಎಂದಳು ಹೊನ್ನಿ. ಭಾನುವಾರ ಹೋದೆ.

ಗಂಗಾ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಳು. ರಂಜಿತಾ ಚಾಪೆಯ ಮೇಲೆ ಕೂತಿತ್ತು. ಬಲಗೈಯಲ್ಲಿ ಒಂದು ಚಮಚ ಹಿಡಿದು ನೆಲಕ್ಕೆ ಬಡಿಯುತ್ತಿತ್ತು. ನಾನು ಕಾಗದ ಓದಿ, ಆ ಮಾತು ಹೊನ್ನಕ್ಕ ಹೇಳಿದ್ದಲ್ಲ, ಯಂತ್ರ ಹೇಳಿದ್ದು ಎಂದೆ.

ಗಂಗಾ ಗರಿಯಿಂದ ಕಣ್ಣು ಎತ್ತಲಿಲ್ಲ. "ಯಂತ್ರಕ್ಕೆ ಹೊನ್ನಿ ಬಾಯಿ ಎಲ್ಲಿಂದ ಬಂತು?"

"ಶಾಲೆಯಲ್ಲಿ ಹೇಳ್ಸ್ಕಂಡ್ರಲ್ಲ, ಅದ್ರಿಂದ್ಲೇ ಮಾಡಿದ್ದು."

"ಹಂಗಾರೆ ಹೇಳಿದ್ದು ಹೌದಲ್ಲ."

ಹೊನ್ನಿ ಬೇಲಿಯ ಹತ್ತಿರ ನಿಂತಿದ್ದಳು, ಒಳಗೆ ಬಂದಿರಲಿಲ್ಲ. ಅಲ್ಲಿಂದಲೇ ಕೇಳಿದಳು. "ಗಂಗೇ, ನಾ ಅತ್ತೆ ಹೆಸ್ರು ಹೇಳ್ದೆ ಯಾವತ್ತಾದ್ರೂ ಹಾಡಿದ್ದು ಅದೆಯಾ? ಅದ್ರಲ್ಲಿ ಹೆಸ್ರು ಕೇಳ್ತದಾ?"

"ಹೆಸ್ರು ಬಿಟ್ಟು ಹಾಡಿರ್ಬೇಕು. ಶಾಲು ಹೊದ್ಸಿರಲ್ಲ ನಿಂಗೆ."

"ಭಟ್ಕಳದಲ್ಲಿ ಅದು ಉರ್ದು ಮಾತಾಡ್ತದೆ. ನಂಗೆ ಉರ್ದು ಬತ್ತದಾ?"

"ಬಂದ್ರೂ ಬಂತು. ಮಗಳ ಮನೆ ಹೆಬಳೆ ಅಲ್ವಾ." ಗಂಗಾ ಹೆಣೆದದ್ದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಗರಿ ಎಳೆದುಕೊಂಡಳು. "ಬೇಲಿ ಹತ್ರ ನಿಂತು ನಂಗೊಬ್ಬಳಿಗೆ ಇಲ್ಲ ಅಂದ್ರೆ ಆತಾ? ಅದ್ರಲ್ಲಿ ಹೇಳಿದ್ದು ಊರೆಲ್ಲ ಕೇಳಿದ್ದು. ಊರಿಗೆ ಕೇಳೂ ಹಂಗೆ ಹೇಳಿದ್ದೇ ಖರೆ."

ಮಗುವಿನ ಚಮಚ ಕೆಳಗೆ ಬಿತ್ತು. ನಾನು ಎತ್ತಿ ಅದರ ಎಡಗೈಯಲ್ಲಿಟ್ಟೆ, ಮರೆತು. ಚಮಚ ಮತ್ತೆ ಬಿತ್ತು. ಗಂಗಾ ಎದ್ದು ಬಂದು ಬಲಗೈಗೆ ಕೊಟ್ಟು ಹೋಗಿ ಕೂತಳು. ಆ ದಿನದ ದಿನಚರಿಯಲ್ಲಿ ನಾನು, ಹಳದೀಪುರಕ್ಕೆ ಹೋಗಿ ಬಂದೆ, ಬಸ್ಸು ತಡ ಎಂದಷ್ಟೇ ಬರೆದಿದ್ದೇನೆ.

ಸೋಮವಾರ ಹೊನ್ನಿ ಎಂದಿನ ಹಾಗೆ ಬಂದಳು. ಬುಟ್ಟಿಯಲ್ಲಿ ಎರಡು ಮೊಗೆಕಾಯಿ ಮಾತ್ರ ಇತ್ತು. ಉಮಾ ಒಳಗೆ ದೋಸೆ ತಿನ್ನುತ್ತಿದ್ದಳು. ಹೊನ್ನಿ ಮೆಟ್ಟಿಲ ಮೇಲೆ ಕೂತು, ಕವಳ ಹಾಕದೆ, ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿದಳು.

"ತಂಗಿ, ಅದ್ರ ಹತ್ರ ಯಾರು ಬರ್ದು ಕೊಟ್ರೂ ಹೇಳ್ತದೆ ಅಂದೆಯಲ್ಲ. ನಾವು ಕೊಟ್ರೂ ಹೇಳ್ತದಾ?"

"ಹೇಳ್ತದೆ. ಆದ್ರೆ ವಕೀಲರು ಅಂದದ್ದು ನೆನಪದೆಯಲ್ಲ ಹೊನ್ನಕ್ಕ? ನಾವು ಒಂದು ಮಾತು ಹೇಳ್ಸಿದ್ರೆ ಕೇಸು ಹೋತು. ಆಮೇಲೆ ಆ ದನಿ ಅವರದೇ ಆಗಿ ಉಳೀತದೆ."

"ನೆನಪದೆ." ಸೆರಗಿನಿಂದ ಮೊಗೆಕಾಯಿಯ ಮಣ್ಣು ಒರೆಸಿದಳು. "ಉಳ್ಕಳ್ಲಿ. ನಂಗೊಂದು ಉಪಕಾರ ಮಾಡು. ಅದ್ರ ಹತ್ರ ಒಂದೇ ಒಂದು ಮಾತು ಹೇಳ್ಸಿ ಊರಿಗೆಲ್ಲ ಕಳ್ಸು. 'ಗಂಗೇ, ಆ ಕಷಾಯ ಕುಡ್ಸು ಅಂತ ಹೇಳಿದ್ದು ನಾನಲ್ಲ' ಅಂತ. ನಾ ಹೇಳಿದ್ರೆ ಅವ್ಳು ನಂಬೂದಿಲ್ಲ. ಅದು ಹೇಳಿದ್ರೆ ನಂಬ್ತಾಳೆ."